ಬರೆಹದಿಂದ ವೃತ್ತಿನಿರ್ಣಯ: ಒಂದು ವಿಮರ್ಶೆ

ತರುಣರಿಗೆ ವೃತ್ತಿ ಮಾರ್ಗದರ್ಶನ ಮಾಡುವ ಕಾರ್ಯಕ್ಕೆ ಶಾಸ್ತ್ರೀಯವಾದ ತಳಹದಿಯನ್ನು ಹಾಕಿದವರಲ್ಲಿ ಅಮೆರಿಕದ ಫ್ರಾಂಕ್ ಪಾರ್ಸನ್ಸ್ ಅವರು ಪ್ರಮುಖರು. 1908ರಲ್ಲಿ ಅವರು ಬಾಸ್ಟನ್ ನಗರದಲ್ಲಿ ಇದಕ್ಕಾಗಿಯೇ ಒಂದು ಕಾರ್ಯಾಲಯವನ್ನು ತೆರೆದರು. ಮರುವರ್ಷ, ಅವರ ಮರಣಾನಂತರ ಪ್ರಕಟವಾದ ಗ್ರಂಥವು ವೃತ್ತಿಯ ಆಯ್ಕೆಗೆ ಮೂರು ಅಂಗಗಳನ್ನು ಹೇಳುತ್ತದೆ: ತನ್ನನ್ನು ತಾನು ತಿಳಿಯುವುದು, ವೃತ್ತಿಗಳ ಸ್ವರೂಪವನ್ನು ತಿಳಿಯುವುದು, ಇವೆರಡರ ಸಂಬಂಧವನ್ನು ಸರಿಯಾಗಿ ವಿವೇಚಿಸುವುದು. ಈ ಮೂರನ್ನೂ ಯಂತ್ರಕ್ಕೆ ಒಪ್ಪಿಸಬಹುದೆ ಎಂಬುದು ಈಗ ನಮ್ಮ ಮುಂದಿರುವ ಪ್ರಶ್ನೆ.

ಒಪ್ಪಿಸಬಹುದೆಂಬ ಪಕ್ಷಕ್ಕೆ ಬಲ ಕೊಟ್ಟುದು 2019ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ವಿದ್ವಾಂಸರು ಪ್ರಕಟಿಸಿದ ಒಂದು ಸಂಶೋಧನೆ. 3,513 ವೃತ್ತಿಗಳಿಗೆ ಸೇರಿದ 1,28,279 ಮಂದಿ ಟ್ವಿಟರ್ ಜಾಲತಾಣದಲ್ಲಿ ಬರೆದುದನ್ನು ಅವರು ಸಂಗ್ರಹಿಸಿದರು. ಐಬಿಎಂ ಸಂಸ್ಥೆಯು ಕ್ಲೌಡ್ ಮೂಲಕ ಒದಗಿಸುತ್ತಿದ್ದ ಸೇವೆಯೊಂದರಿಂದ ಪ್ರತಿಯೊಬ್ಬರ ಸ್ವಭಾವವನ್ನೂ ಮೌಲ್ಯಗಳನ್ನೂ ಅಳೆಯಿಸಿ, ಸ್ವಭಾವಸಾಮ್ಯಕ್ಕನುಗುಣವಾಗಿ ವೃತ್ತಿಗಳ ನಕಾಶೆಯೊಂದನ್ನು ರಚಿಸಿದರು. ತಂತ್ರಾಂಶ ರಚಿಸುವವರಲ್ಲಿ ಹೊಸ ಅನುಭವಗಳ ಕಡೆಗೆ ಒಲವು ಹೆಚ್ಚೆಂದೂ, ಉನ್ನತ ಶ್ರೇಣಿಯ ಟೆನಿಸ್ ಆಟಗಾರರಲ್ಲಿ ಶ್ರದ್ಧೆ ಸೌಹಾರ್ದಗಳು ಹೆಚ್ಚೆಂದೂ ಕಂಡುಬಂದಿತು.

ಈ ಪ್ರಯತ್ನದ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಒಬ್ಬ ಉಪಾಧ್ಯಾಯನು ಎಷ್ಟೇ ಬಲ್ಲವನಾದರೂ ಮೂರು ಸಾವಿರ ವೃತ್ತಿಗಳ ಪರಿಚಯ ಅವನಿಗಿರುವುದು ಅಸಾಧ್ಯ. ವಿದ್ಯಾರ್ಥಿಯು ಹೆಸರನ್ನೂ ಕೇಳದ ಕಸುಬುಗಳನ್ನು ಇಂತಹ ನಕಾಶೆಯು ಅವನ ಕಣ್ಣಿಗೆ ತರಬಲ್ಲುದು. ಆದರೆ ಆ ಲೇಖನದ ಶೀರ್ಷಿಕೆಯು ಆದರ್ಶ ವೃತ್ತಿಯ ಮಾತನ್ನಾಡುತ್ತದೆ. ಅಲ್ಲಿಯೇ ನಮ್ಮ ಆಕ್ಷೇಪಣೆಯಿರುವುದು. ಅಳತೆಗೆ ಒಳಗಾದುದು ಯಾರು ಯಾವ ಕೆಲಸದಲ್ಲಿದ್ದಾರೆ ಎಂಬುದು. ಆ ಕೆಲಸ ಅವರಿಗೆ ಒಪ್ಪಿದೆಯೆ, ಅದರಲ್ಲಿ ಅವರಿಗೆ ತೃಪ್ತಿಯುಂಟೆ ಎಂಬುದಲ್ಲ. ಇರುವುದನ್ನೇ ಒಪ್ಪುವುದೆಂದು ಗ್ರಹಿಸುವುದು ತರ್ಕದೋಷ. ಅದಲ್ಲದೆ, ಸ್ವಭಾವವು ವೃತ್ತಿಯನ್ನು ಆರಿಸುವಂತೆಯೇ ವೃತ್ತಿಯೂ ಸ್ವಭಾವವನ್ನು ತಿದ್ದುತ್ತದೆ. ಹತ್ತು ವರ್ಷ ಆಟದ ಶಿಸ್ತಿಗೆ ಒಳಗಾದವನಲ್ಲಿ ಶ್ರದ್ಧೆ ಕಂಡರೆ ಅದು ಬೀಜವೋ ಫಲವೋ ಎಂಬುದನ್ನು ಒಂದೇ ಕಾಲದ ಅಳತೆಯು ಹೇಳಲಾರದು.

ವಯಸ್ಕರಿಂದ ಪಡೆದ ಈ ಅಳತೆಗೋಲನ್ನು ತರುಣರಿಗೆ ಹಿಡಿದಾಗ ದೋಷವು ಇಮ್ಮಡಿಯಾಗುತ್ತದೆ. ಎಸ್.ಎಸ್.ಎಲ್.ಸಿ. ಮುಗಿಸಿ ವಿಜ್ಞಾನವೋ ವಾಣಿಜ್ಯವೋ ಕಲೆಯೋ ಎಂದು ತೊಳಲುವ ಹುಡುಗಿಯ ಸ್ವಭಾವ ಇನ್ನೂ ರೂಪುಗೊಳ್ಳುತ್ತಿದೆ. ಗೆಳತಿಯರ ನಡುವೆ ಅವಳು ಬರೆದ ನಾಲ್ಕು ಮಾತು ಅವಳ ಅಂತರಂಗದ ಸಾಕ್ಷ್ಯವಾಗಬೇಕಾಗಿಲ್ಲ. ಒಂದು ವೃತ್ತಿಗೆ ಇದುವರೆಗೆ ಹೋಗದ ಮನೆತನದವಳು ಅದಕ್ಕೆ ತಕ್ಕವಳಲ್ಲವೆಂದು, ಹೋದವರ ಮಾದರಿಯನ್ನೇ ಬಲ್ಲ ಯಂತ್ರವು ಹೇಳಿಬಿಡುವ ಅಪಾಯವುಂಟು. ಮಾರ್ಗದರ್ಶನದ ಧರ್ಮ ಬಾಗಿಲು ತೆರೆಯುವುದು. ಯಾರು ಹಿಂದೆ ಒಳಹೊಕ್ಕಿದ್ದರೆಂದು ಎಣಿಸಿ ಬಾಗಿಲು ಮುಚ್ಚುವುದಲ್ಲ.

ಇನ್ನು ಉಪಕರಣದ ವಿಚಾರ. ಆ ಸೇವೆಯು ಇಂಗ್ಲಿಷು, ಸ್ಪ್ಯಾನಿಷ್ ಮೊದಲಾದ ಕೆಲವೇ ಭಾಷೆಗಳನ್ನು ಓದುತ್ತಿತ್ತು; ಕನ್ನಡ ಅವುಗಳಲ್ಲಿರಲಿಲ್ಲ. ಕನ್ನಡದಲ್ಲಿ ಯೋಚಿಸಿ ಕನ್ನಡದಲ್ಲಿಯೇ ಬರೆಯುವ ನಮ್ಮ ವಿದ್ಯಾರ್ಥಿಯು ಅದರ ಪಾಲಿಗೆ ಮೂಕನೇ ಸರಿ. 2021ರ ಡಿಸೆಂಬರಿನಲ್ಲಿ ಸಂಸ್ಥೆಯು ಆ ಸೇವೆಯನ್ನೇ ನಿಲ್ಲಿಸಿತು. ಪರರ ಗಣಕದಲ್ಲಿರುವ ತಕ್ಕಡಿಯನ್ನು ಬಾಡಿಗೆಗೆ ಪಡೆದವರು, ಅದನ್ನು ಹಿಂತೆಗೆದ ಮೇಲೆ ಹಿಂದಿನ ತೂಕವನ್ನು ಅದರಿಂದಲೇ ಮತ್ತೊಮ್ಮೆ ಪರೀಕ್ಷಿಸಲಾರರು. ಪುನಃಪರೀಕ್ಷೆಗೆ ಸಿಗದ ಅಳತೆಯನ್ನು ನಂಬಿ ಒಬ್ಬರ ಬಾಳನ್ನು ನಿರ್ಣಯಿಸುವುದು ಉಚಿತವಲ್ಲ.

ಆದುದರಿಂದ ಪಾರ್ಸನ್ಸ್ ಅವರ ಎರಡನೆಯ ಅಂಗಕ್ಕೆ, ಎಂದರೆ ವೃತ್ತಿಗಳ ಪರಿಚಯಕ್ಕೆ, ಯಂತ್ರದ ನೆರವನ್ನು ಧಾರಾಳವಾಗಿ ಪಡೆಯೋಣ. ಮೊದಲನೆಯದಕ್ಕೆ ಅದರ ಮಾತನ್ನು ವಿದ್ಯಾರ್ಥಿಯ ಒಪ್ಪಿಗೆಯಿಂದ, ಒಂದು ಸೂಚನೆಯೆಂದು ಮಾತ್ರ ಕೇಳೋಣ. ಮೂರನೆಯದಾದ ವಿವೇಚನೆಯು ವಿದ್ಯಾರ್ಥಿಯದೇ. ಅವನ ಎದುರು ಕುಳಿತು ಆಲಿಸುವ ಅಧ್ಯಾಪಕನ ಹೊಣೆಯನ್ನು ಯಾವ ಯಂತ್ರವೂ ಹೊರಲಾರದೆಂದು ನಮ್ಮ ಅಭಿಪ್ರಾಯ.