ತಂತ್ರಿಯ ಒಪ್ಪಿಗೆ ಮತ್ತು ಹಾದಿಯಾ ತೀರ್ಪು: ಧರ್ಮಸ್ವಾತಂತ್ರ್ಯ, ಲೈಂಗಿಕ ಸಮಾನತೆ ಮತ್ತು ನಮ್ಮ ಸರ್ವಧರ್ಮ ವೇದಿಕೆಗಳು

ನನ್ನದು ಕಾಸರಗೋಡು. ಹಾಗಾಗಿ ಉದಾಹರಣೆಗಳು ಹೆಚ್ಚಾಗಿ ಕೇರಳದವೇ ಆಗ್ತವೆ, ಕ್ಷಮೆ ಇರಲಿ. ಈಗಷ್ಟೆ ಜತ್ತದವರು ಯಲ್ಲಮ್ಮನ ಜಾತ್ರೆಯ ಬಗ್ಗೆ, ಜೋಗಪ್ಪಂದಿರ ಬಗ್ಗೆ ಹೇಳಿದ್ರಲ್ಲ, ಅಲ್ಲಿಂದಲೇ ಎತ್ತಿಕೊಳ್ತೇನೆ.

ಧರ್ಮಸ್ವಾತಂತ್ರ್ಯವನ್ನೂ ಸಲಿಂಗಿಗಳ, ಟ್ರಾನ್ಸ್‌ಜೆಂಡರ್ ಸಮುದಾಯದ ಸಮಾನತೆಯನ್ನೂ ಒಟ್ಟಿಗೆ ತರಬೇಕು ಎನ್ನುವ ಸರ್ವಧರ್ಮ ವೇದಿಕೆಗಳಲ್ಲಿ ಒಂದು ಕ್ರಮ ಉಂಟು. ಸ್ವಾಮೀಜಿಯೊಬ್ಬರು, ಫಾದರ್ ಒಬ್ಬರು, ಉಸ್ತಾದರೊಬ್ಬರು ಸಾಲಾಗಿ ಕೂತು ‘ನಮ್ಮ ಧರ್ಮ ಇವರನ್ನು ದೂರ ಇಟ್ಟಿಲ್ಲ’ ಅಂತ ಹೇಳ್ತಾರೆ. ಅರ್ಧನಾರೀಶ್ವರ ಬರ್ತಾನೆ, ಶಿಖಂಡಿ, ಬೃಹನ್ನಳೆ ಬರ್ತಾರೆ. ಕನ್ನಡದ ವೇದಿಕೆಯಾದರೆ ಜೇಡರ ದಾಸಿಮಯ್ಯನ ವಚನವೂ ಬಂದೇ ಬರ್ತದೆ. ಕೇಳಲಿಕ್ಕೆ ಚಂದ. ಆದರೆ ವಿಮರ್ಶೆಯ ಕಣ್ಣಿನಿಂದ ಆ ವಚನವನ್ನು ಮತ್ತೊಮ್ಮೆ ಓದಿ ನೋಡಿ. ದಾಸಿಮಯ್ಯ ಹೇಳುವುದು ಗಂಡು ಹೆಣ್ಣು ಎಂಬ ಗುರುತು ದೇಹದ್ದು, ಆತ್ಮ ಎರಡೂ ಅಲ್ಲ ಅಂತ. ದೊಡ್ಡ ಮಾತು, ನಿಜ. ಆದರೆ ಎ. ರೇವತಿಯವರ ಆತ್ಮಕಥೆಯನ್ನು (ದು. ಸರಸ್ವತಿಯವರ ಕನ್ನಡದಲ್ಲಿ ‘ಬದುಕು ಬಯಲು’) ಓದಿದವರಿಗೆ ಗೊತ್ತು, ಅವರ ಜಗಳವೇ ಬೇರೆ. ನಾನು ಹೆಣ್ಣು, ನನ್ನನ್ನು ಹೆಣ್ಣು ಅಂತ ಕಾಣಿ ಎನ್ನುವುದು ಅವರ ಪಟ್ಟು. ಲಿಂಗವನ್ನೇ ದಾಟಿದ ಆತ್ಮದ ಮಾತು ಅವರಿಗೆ ರೇಷನ್ ಕಾರ್ಡಿನಲ್ಲಿಯೂ ಸಿಗುವುದಿಲ್ಲ, ಪೊಲೀಸ್ ಠಾಣೆಯಲ್ಲಿಯೂ ನಡೆಯುವುದಿಲ್ಲ. ಒಂದು ಮಾತು ಲಿಂಗವನ್ನು ಕಳಚುತ್ತದೆ, ಇನ್ನೊಂದು ಅದನ್ನು ಕೇಳಿ ಪಡೆಯುತ್ತದೆ. ನಮ್ಮ ವೇದಿಕೆಗಳು ಎರಡನ್ನೂ ಒಂದೇ ಅಂತ ಮಾಡಿ ಚಪ್ಪಾಳೆ ತಟ್ಟಿಸ್ತವೆ.

ಇದು ಬರೀ ಪದದ ಜಗಳ ಅಲ್ಲ ಅಂತ ತೋರಿಸಲಿಕ್ಕೆ ಶಬರಿಮಲೆಗೆ ಹೋಗಬೇಕು. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟು 377ನೇ ಸೆಕ್ಷನ್ನಿನಿಂದ ವಯಸ್ಕರ ಸಮ್ಮತಿಯ ಸಂಬಂಧವನ್ನು ಹೊರಗಿಟ್ಟಿತು. ಅದೇ ತಿಂಗಳ 28ಕ್ಕೆ ಎಲ್ಲ ವಯಸ್ಸಿನ ಹೆಂಗಸರೂ ಶಬರಿಮಲೆ ಹತ್ತಬಹುದು ಅಂತ ತೀರ್ಪು ಬಂತು. ಆಮೇಲೆ ನಮ್ಮಲ್ಲಿ ಏನಾಯಿತು ಅಂತ ನಿಮಗೆ ಗೊತ್ತುಂಟು. ಹರತಾಳ, ಕಲ್ಲು, 2019ರ ಜನವರಿ 1ಕ್ಕೆ ಕಾಸರಗೋಡಿನಿಂದ ತಿರುವನಂತಪುರದ ವರೆಗೆ 620 ಕಿಲೋಮೀಟರ್ ಉದ್ದದ ವನಿತಾ ಮತಿಲ್. ಈ ಗಲಾಟೆಯ ನಡುವೆ 2018ರ ಡಿಸೆಂಬರಿನಲ್ಲಿ ನಾಲ್ಕು ಮಂದಿ ಟ್ರಾನ್ಸ್ ಮಹಿಳೆಯರು ಮಲೆ ಹತ್ತಲು ಬಂದ್ರು. ಮೊದಲು ಪೊಲೀಸರು ಎರುಮೇಲಿಯಲ್ಲೇ ತಡೆದು ವಾಪಸ್ ಕಳಿಸಿದ್ರು. ಎರಡು ದಿನ ಕಳೆದು, ತಂತ್ರಿಯವರೂ ಪಂದಳಂ ಅರಮನೆಯವರೂ ಅಡ್ಡಿಯಿಲ್ಲ ಅಂದ ಮೇಲೆ, ಅವರು ಕಪ್ಪು ಸೀರೆ ಉಟ್ಟು ದರ್ಶನ ಮಾಡಿ ಬಂದ್ರು.

ಪತ್ರಿಕೆಗಳು ಖುಷಿಯಲ್ಲಿ ಬರೆದವು, ಬರೆಯಲಿ. ನಾನು ಕೇಳುವುದು, ಬಾಗಿಲು ತೆರೆದದ್ದು ಯಾವ ಲೆಕ್ಕದಲ್ಲಿ? ಹತ್ತರಿಂದ ಐವತ್ತರ ನಡುವಿನ ಹೆಂಗಸರಿಗೆ ಅದೇ ವಾರ ದಾರಿಯಲ್ಲೇ ತಡೆ ಇತ್ತು. ಹಾಗಾದರೆ ಆ ನಾಲ್ವರು ಒಳಗೆ ಹೋದದ್ದು ಹೆಂಗಸರ ಲೆಕ್ಕದಲ್ಲಿ ಅಲ್ಲ ಅಂತಲೇ ಆಗ್ತದಲ್ಲ. ಕೋರ್ಟು ಕೊಟ್ಟ ಹಕ್ಕು ಬೀದಿಯಲ್ಲಿ ನಿಂತಿತ್ತು, ಸಂಪ್ರದಾಯ ಕೊಟ್ಟ ಒಪ್ಪಿಗೆ ಹದಿನೆಂಟು ಮೆಟ್ಟಿಲು ಹತ್ತಿತು. ಆ ನಾಲ್ವರ ಭಕ್ತಿಯ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಅವರಿಗೆ ದೇವರನ್ನು ನೋಡಬೇಕಿತ್ತು, ನೋಡಿದ್ರು. ಆದರೆ ಇದನ್ನು ‘ಧರ್ಮವೂ ಸಮಾನತೆಯೂ ಕೈಹಿಡಿದ ಕ್ಷಣ’ ಅಂತ ಭಾಷಣದಲ್ಲಿ ಬಳಸುವವರು ಆ ಒಪ್ಪಿಗೆಗೆ ಕೊಟ್ಟ ಬೆಲೆ ಏನು ಅಂತ ಹೇಳಬೇಕು.

ಜೋಗಪ್ಪಂದಿರ ವಿಷಯದಲ್ಲಿಯೂ ಇದೇ ಕಥೆ. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯ ವ್ಯಾಖ್ಯೆಯಲ್ಲಿ ಕಿನ್ನರ್, ಹಿಜ್ರಾ, ಅರವಾಣಿ, ಜೋಗ್ತಾ ಅಂತ ಹೆಸರುಗಳುಂಟು. ಜತ್ತದ, ಸೊಲ್ಲಾಪುರದ ಕಡೆಯವರಿಗೆ ಪರಿಚಯದ ಹೆಸರು ಕಾಯ್ದೆಯಲ್ಲಿ ಬಂತು, ಸಂತೋಷ. ಆದರೆ ಕೊಡ ಹೊತ್ತಾಗ ಕಾಲಿಗೆ ಬೀಳುವ ಊರು, ಕೊಡ ಇಳಿಸಿದ ಮೇಲೆ ಬಾಡಿಗೆಗೆ ಮನೆ ಕೊಡ್ತದಾ? ನಮ್ಮ ಕಡೆ ಗಂಡಸರು ಭಗವತಿಯ ಮುಡಿ ಹೊತ್ತು ತೆಯ್ಯ ಕಟ್ಟುತ್ತಾರೆ, ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡ್ತಾರೆ. ಬಣ್ಣ ತೆಗೆದ ಮೇಲೂ ಒಬ್ಬ ಹಾಗೇ ನಡೆದರೆ ಊರಿನವರು ಏನು ಕರೀತಾರೆ ಅಂತ ನಾನು ಹೇಳಬೇಕಾಗಿಲ್ಲ. ಪವಿತ್ರವಾಗಿರುವುದು ಒಂದು ಕೆಲಸ. ರಜೆ ಇಲ್ಲದ ಕೆಲಸ.

ಇನ್ನು ಸಲಿಂಗಿಗಳು. ಅವರಿಗೆ ಪುರಾಣದಲ್ಲಿ ಇಂಥ ಕುರ್ಚಿ ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ ವೇದಿಕೆಗೂ ಕರೆ ಇಲ್ಲ. 2016ರ ಕೊನೆಗೆ ಕೊಚ್ಚಿಯಲ್ಲಿ ಶಾಲೆ ಬಿಟ್ಟ ಟ್ರಾನ್ಸ್‌ಜೆಂಡರ್ ಮಂದಿಗಾಗಿ ‘ಸಹಜ್’ ಎಂಬ ಶಾಲೆ ಶುರುವಾದಾಗ, ಬೇರೆಯವರು ಜಾಗ ಕೊಡಲು ಹಿಂಜರಿದಾಗ, ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯರು ತಮ್ಮ ಕಟ್ಟಡ ಬಿಟ್ಟುಕೊಟ್ರು. ನಿಜವಾಗಿ ದೊಡ್ಡ ಮನಸ್ಸು. ಮುಂಬಯಿಯ ಕಾರ್ಡಿನಲ್ ಆಸ್ವಾಲ್ಡ್ ಗ್ರೇಶಿಯಸ್ 2013ರಲ್ಲಿ ಸಲಿಂಗಿಗಳನ್ನು ಅಪರಾಧಿಗಳು ಅನ್ನಬಾರದು ಅಂತ ಹೇಳಿದ್ದೂ ಸಣ್ಣದಲ್ಲ. ಆದರೆ ಅದೇ 2013ರ ಮೇಲ್ಮನವಿಯ ಕಡತ ತೆರೆದರೆ ಇನ್ನೊಂದು ‘ಸರ್ವಧರ್ಮ ಸಮ್ಮೇಳನ’ ಕಾಣ್ತದೆ. ಒಬ್ಬ ಜ್ಯೋತಿಷಿ, ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ, ಉತ್ಕಲ ಕ್ರೈಸ್ತ ಪರಿಷತ್ತು, ಕ್ರಾಂತಿಕಾರಿ ಮನುವಾದಿ ಮೋರ್ಚಾ, ಎಲ್ಲರೂ ಒಂದೇ ಪಂಕ್ತಿಯಲ್ಲಿ. ಬೇರೆ ಯಾವ ವಿಷಯಕ್ಕೂ ಒಂದು ಲೋಟ ಚಹಾ ಒಟ್ಟಿಗೆ ಕುಡಿಯದವರು ಮಾರಾಯ್ರೆ! 2023ರಲ್ಲಿ ಮದುವೆಯ ಕೇಸಿನಲ್ಲಿಯೂ ಜಮೀಯತ್ ಉಲಮಾ-ಎ-ಹಿಂದ್ ಮತ್ತು ಅಖಿಲ ಭಾರತೀಯ ಸಂತ ಸಮಿತಿ ಒಂದೇ ಬದಿಯಲ್ಲಿದ್ದವು. ಆದ್ದರಿಂದ ಧರ್ಮಗಳು ಒಟ್ಟು ಸೇರಿದ ಮಾತ್ರಕ್ಕೆ ಅದು ಸೌಹಾರ್ದ ಅಂತ ನಾನು ಒಪ್ಪುವುದಿಲ್ಲ.

ಹಾಗಾದರೆ ಈ ಎರಡು ಹಕ್ಕುಗಳ ನಡುವೆ ಸಂಬಂಧ ಇಲ್ಲವಾ? ಉಂಟು. ನಾವು ಹುಡುಕುವ ಜಾಗದಲ್ಲಿ ಇಲ್ಲ, ಅಷ್ಟೆ. ನನ್ನ ಮಟ್ಟಿಗೆ ಅದು ಇರುವುದು ವೈಕ್ಕಂನ ಒಬ್ಬ ಹುಡುಗಿಯ ಕೇಸಿನಲ್ಲಿ. ಹಾದಿಯಾ ಇಸ್ಲಾಂ ಸ್ವೀಕರಿಸಿದ್ರು, ತಾವೇ ಆರಿಸಿದವರನ್ನು ಮದುವೆಯಾದ್ರು. ತಂದೆ ಹೇಬಿಯಸ್ ಕಾರ್ಪಸ್ ಹಾಕಿದ್ರು. 2017ರ ಮೇ ತಿಂಗಳಲ್ಲಿ ಕೇರಳ ಹೈಕೋರ್ಟು ಮದುವೆಯನ್ನೇ ರದ್ದು ಮಾಡಿ ಅವರನ್ನು ಹೆತ್ತವರ ಮನೆಗೆ ಕಳಿಸಿತು. ಪ್ರಾಯಕ್ಕೆ ಬಂದ ಹೆಂಗಸು! 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಯಾವ ದೇವರನ್ನು ನಂಬಬೇಕು, ಯಾರ ಜೊತೆ ಬಾಳಬೇಕು ಎನ್ನುವ ಎರಡೂ ತೀರ್ಮಾನ ಒಬ್ಬ ವ್ಯಕ್ತಿಯದೇ ಅಂತ ಸ್ಪಷ್ಟ ಮಾಡಿತು. ಆರೇ ತಿಂಗಳಲ್ಲಿ 377ರ ತೀರ್ಪು ಬರೆಯುವಾಗ ನ್ಯಾಯಾಧೀಶರು ಈ ಕೇಸನ್ನು ಆಧಾರವಾಗಿ ಬಳಸಿದ್ರು. ಮತಾಂತರವಾದ ಮುಸ್ಲಿಂ ಹೆಂಗಸಿನ ಕೇಸು ಸಲಿಂಗಿಗಳ ಕೇಸಿಗೆ ಊರುಗೋಲಾಯಿತು. 2022ರಲ್ಲಿ ಇಬ್ಬರು ಮುಸ್ಲಿಂ ಯುವತಿಯರಲ್ಲಿ ಒಬ್ಬರನ್ನು ಮನೆಯವರು ಎಳೆದುಕೊಂಡು ಹೋದಾಗ, ಇನ್ನೊಬ್ಬರು ಅದೇ ಹೇಬಿಯಸ್ ಕಾರ್ಪಸ್ ಹಿಡಿದು ಕೇರಳ ಹೈಕೋರ್ಟಿಗೆ ಹೋದ್ರು. ಕೋರ್ಟು ಇಬ್ಬರನ್ನೂ ಒಟ್ಟಿಗೆ ಕಳಿಸಿತು. ಐದು ವರ್ಷದ ಹಿಂದೆ ತಂದೆಯ ಕೈಯಲ್ಲಿದ್ದ ಆಯುಧ ಈಗ ಸಂಗಾತಿಯ ಕೈಯಲ್ಲಿ. 25ನೇ ವಿಧಿ ಶುರುವಾಗುವುದೇ ವ್ಯಕ್ತಿಯ ಆತ್ಮಸಾಕ್ಷಿಯಿಂದ, ಆಮೇಲೆ ಧರ್ಮದ ಆಚರಣೆ. ನಮ್ಮ ಸರ್ವಧರ್ಮ ವೇದಿಕೆಗಳು ಮಠ, ಮಸೀದಿ, ಚರ್ಚನ್ನು ಕೂರಿಸ್ತವೆ; ಆ ಒಬ್ಬ ವ್ಯಕ್ತಿಗೆ ಕುರ್ಚಿ ಹಾಕುವುದಿಲ್ಲ.

ಇನ್ನೊಂದು ದಾರಿ ಬದುಕಿನಲ್ಲೇ ಉಂಟು. ಪಶ್ಚಿಮ ತೆಲಂಗಾಣದವರು ಗಾಯತ್ರಿ ರೆಡ್ಡಿಯವರ 2005ರ ಪುಸ್ತಕ ನೋಡಬೇಕು. ಹೈದರಾಬಾದಿನ ಹಿಜ್ರಾಗಳು ತಮ್ಮನ್ನು ಮುಸ್ಲಿಮರು ಅಂತ ಹೇಳಿಕೊಳ್ತಾ ದೇವಿಯನ್ನೂ ಪೂಜಿಸುವುದು ಅದರಲ್ಲಿ ಬರ್ತದೆ. ಅವರಿಗೆ ಸಂವಾದ ಏರ್ಪಡಿಸಿ ಅಂತ ಯಾರೂ ಹೇಳಿಕೊಡಲಿಲ್ಲ. ಇಂಥ ಬೆರಕೆಯ ಬದುಕಿಗೆ ಒಂದೇ ಧರ್ಮದ ಬೋರ್ಡು ಹಾಕಿದರೆ ಏನಾಗ್ತದೆ ಅಂತ 2018ರ ನವೆಂಬರಿನಲ್ಲಿ ಗೊತ್ತಾಯಿತು. ಕಿನ್ನರ ಅಖಾಡದ ಲಕ್ಷ್ಮೀ ನಾರಾಯಣ ತ್ರಿಪಾಠಿಯವರು ಅಯೋಧ್ಯೆಯ ಮಂದಿರಕ್ಕೆ ಬೆಂಬಲ ಹೇಳಿದ್ರು, ಟ್ರಾನ್ಸ್‌ಜೆಂಡರ್ ಸಂಘಟನೆಗಳೇ ಒಟ್ಟು ಸೇರಿ ಖಂಡಿಸಿದವು.

ಹೊಸೂರಿನವರ ಪ್ರಶ್ನೆ ಚಾಟಿನಲ್ಲಿ ಬಂದಿದೆ. ‘ಹಾಗಾದರೆ ಪೂಜಾರಿಗೂ ಪಾದ್ರಿಗೂ ಇಂಥ ಮದುವೆ ಮಾಡಿಸು ಅಂತ ಒತ್ತಾಯಿಸಬೇಕಾ?’ ಬೇಡ. ಅವರ ಆತ್ಮಸಾಕ್ಷಿಯೂ ಆತ್ಮಸಾಕ್ಷಿಯೇ. 2023ರ ಕೇಸಿನಲ್ಲಿಯೂ ವಾದ ಕಡೆಗೆ ನಿಂತದ್ದು 1954ರ ವಿಶೇಷ ವಿವಾಹ ಕಾಯ್ದೆಯ ಮೇಲೆ, ಧಾರ್ಮಿಕ ಮದುವೆಯನ್ನು ಮುಟ್ಟಲಿಲ್ಲ. ಅದು ಹಿಂದೂ–ಮುಸ್ಲಿಂ, ಹಿಂದೂ–ಕ್ರೈಸ್ತ ಜೋಡಿಗಳು ಹೋಗುವ ಅದೇ ಕಾಯ್ದೆ. ಅದರಲ್ಲಿ ಮೂವತ್ತು ದಿನದ ನೋಟಿಸು ಉಂಟಲ್ಲ, ಅದನ್ನೂ ಅವರು ಪ್ರಶ್ನಿಸಿದ್ರು. ಕೋರ್ಟು ಅದಕ್ಕೆ ಕೈಹಾಕಲಿಲ್ಲ. ಕೇರಳದಲ್ಲಿ ಆ ನೋಟಿಸು ಫೋಟೊ, ವಿಳಾಸ ಸಮೇತ ಇಲಾಖೆಯ ವೆಬ್‌ಸೈಟಿನಲ್ಲಿ ಇರ್ತಿತ್ತು. ಅಂತರ್ಧರ್ಮೀಯ ಜೋಡಿಗಳ ನೋಟಿಸುಗಳನ್ನು ಇಳಿಸಿಕೊಂಡು ವಾಟ್ಸಾಪಿನಲ್ಲಿ ಹಂಚಿದ ಮೇಲೆ, 2020ರ ಜುಲೈಯಲ್ಲಿ ಸರಕಾರ ವೆಬ್‌ಸೈಟಿಗೆ ಹಾಕುವುದನ್ನು ನಿಲ್ಲಿಸಿತು. ಆಫೀಸಿನ ಬೋರ್ಡಿಗೆ ಅಂಟಿಸುವುದು ನಿಲ್ಲಲಿಲ್ಲ.