ಮಾತು ಹಾಡಾಗುವ ಹೊತ್ತು

ಹನೂರು ಸೀಮೆಯ ಅಜ್ಜೀಪುರದ ಕಡೆ, ಮಲೆ ಮಹದೇಶ್ವರನ ಕಥೆ ಹಾಡುವ ದೇವರಗುಡ್ಡರು ಆ ಕಥೆಯ ಸಂಕಮ್ಮನ ಸಾಲು ಹಿಡಿದರೆ, ಎಲ್ಲಿ ಮಾತು ಮುಗಿಯಿತು, ಎಲ್ಲಿ ಹಾಡು ಶುರುವಾಯಿತು ಎಂದು ಹೇಳುವುದು ಕಷ್ಟ. ಮುಂದಾಳು ಕಥೆ ಹೇಳುತ್ತಲೇ ಇರುತ್ತಾನೆ. ಕಂಸಾಳೆ ಎಂಬ ಕಂಚಿನ ತಾಳದ ಪೆಟ್ಟು ಬಿದ್ದದ್ದೇ ಆ ಮಾತು ಹಾಡಾಗುತ್ತದೆ, ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ನಾಟಕ ನಿರ್ದೇಶಕ ಬಿ.ವಿ. ಕಾರಂತರ ರಂಗಸಂಗೀತವನ್ನು ನಾನು ತೂಗುವುದು ಈ ತಕ್ಕಡಿಯಲ್ಲಿ.

1929ರಲ್ಲಿ ಬಂಟ್ವಾಳದ ಮಂಚಿಯಲ್ಲಿ ಹುಟ್ಟಿದ ಕಾರಂತರು ಗುಬ್ಬಿ ಕಂಪನಿಯಲ್ಲಿ ಬೆಳೆದು, ಕಾಶಿಯಲ್ಲಿ ಓಂಕಾರನಾಥ ಠಾಕೂರರಿಂದ ಹಿಂದೂಸ್ತಾನಿ ಕಲಿತವರು. ಕಂಪನಿ ನಾಟಕದಲ್ಲಿ ಹಾಡು ಬಂದಾಗ ಕಥೆ ನಿಂತು ಕಾಯುತ್ತಿತ್ತು. ಎಪ್ಪತ್ತರ ದಶಕದಲ್ಲಿ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ಎತ್ತಿಕೊಂಡಾಗ ಕಾರಂತರು ಆ ಕಾಯುವಿಕೆಯನ್ನು ಮುರಿದರು. ಅಲ್ಲಿ ತಾಳವೇ ಕಥೆಯನ್ನು ದೂಡುತ್ತದೆ. ಆದರೆ ಆ ರಭಸದಲ್ಲಿ ಕೆಲವೆಡೆ ಕಂಬಾರರ ನುಡಿ ಮುಳುಗುತ್ತದೆ ಎಂಬ ತಕರಾರು ನನಗಿದೆ.

‘ಸತ್ತವರ ನೆರಳು’ ಇನ್ನೊಂದು ಹೆಜ್ಜೆ. ಮಠವೊಂದರ ಕಥೆ ಹೇಳುವ ಜಿ.ಬಿ. ಜೋಶಿಯವರ ಈ ನಾಟಕಕ್ಕೆ ಕಾರಂತರು ಪುರಂದರದಾಸರ ಪದಗಳನ್ನು ತಂದರು. ಮಠದೊಳಗಿನ ಆಸೆ, ಹುಸಿಗಳನ್ನು ಪಾತ್ರಗಳ ಮಾತಿಗಿಂತ ಚುರುಕಾಗಿ ದಾಸರ ಪದಗಳು ಪ್ರಶ್ನಿಸುತ್ತವೆ. ಹಾಡು ಇಲ್ಲಿ ಒಡವೆಯಲ್ಲ, ಎದುರು ನಿಂತು ವಾದಿಸುವ ಪಾತ್ರ. ಇಷ್ಟಾದರೂ ನಾಟಕ ಗದ್ಯದ ಆಸರೆ ಬಿಟ್ಟಿಲ್ಲ.

ಆ ಆಸರೆಯನ್ನು ಕಿತ್ತುಕೊಂಡದ್ದು ಪು.ತಿ.ನ. ಅವರ ಗೀತನಾಟಕ ‘ಗೋಕುಲ ನಿರ್ಗಮನ’. ಅಕ್ರೂರ ಬರುತ್ತಾನೆ, ಕೃಷ್ಣ ಮಧುರೆಗೆ ಹೊರಡುತ್ತಾನೆ, ಕೊಳಲು ಹಿಂದೆ ಉಳಿಯುತ್ತದೆ, ಘಟನೆ ಇಷ್ಟೇ. ಉಳಿದದ್ದೆಲ್ಲ ಭಾವ. ಹೊಸ ರಾಗಗಳನ್ನೇ ಕಟ್ಟಿದ ಮೇಲುಕೋಟೆಯ ಈ ಕವಿಯ ಸಾಲುಗಳು ರಾಗವನ್ನು ಒಳಗಿಟ್ಟುಕೊಂಡೇ ಹುಟ್ಟಿದವು. ಕಲ್ಲು, ಡಬ್ಬಗಳಿಂದಲೂ ನಾದ ತೆಗೆಯಬಲ್ಲ ಕಾರಂತರಿಗೆ ಇಲ್ಲಿ ಬೇಕಾದದ್ದು ತಡೆದು ನಿಲ್ಲುವ ಸಂಯಮ. ಗೆಲ್ಲುವ ತಾಳಕ್ಕಿಂತ ಅಗಲುವ ರಾಗ ದೊಡ್ಡದು ಎಂಬುದನ್ನು ಅವರ ಸಂಗೀತ ಈ ನಾಟಕದಲ್ಲಿ ಒಪ್ಪಿಕೊಂಡಿತು. ನನ್ನ ಮಟ್ಟಿಗೆ ಕನ್ನಡ ರಂಗಸಂಗೀತ ‘ಆಪೆರಾ’ದ ಹತ್ತಿರ ಬಂದದ್ದು ಹೀಗೆ, ಪಶ್ಚಿಮದ ವಾದ್ಯವೃಂದದ ಹಂಗಿಲ್ಲದೆ.

ಕೊಳ್ಳೇಗಾಲ, ಹನೂರಿನ ಹುಡುಗ ಹುಡುಗಿಯರು ಈ ನಾಟಕವನ್ನು ಎತ್ತಿಕೊಳ್ಳಲಿ. ಧ್ವನಿಮುದ್ರಿಕೆ ಹಾಕಿಕೊಂಡು ತುಟಿ ಆಡಿಸುವುದು ಬೇಡ, ತಾವೇ ಹಾಡಲಿ. ತಾಲೀಮಿಗೆ ಮೊದಲು ಒಂದು ರಾತ್ರಿ ದೇವರಗುಡ್ಡರ ಮುಂದೆ ಕೂತು, ಸಂಕಮ್ಮನ ಸಾಲನ್ನು ಕೊನೆಯವರೆಗೂ ಕೇಳಲಿ.