ದೇವರಾಜ ಅರಸರು : ಸ್ಮರಣೆಯೂ ವಿಮರ್ಶೆಯೂ



ಬಾಳಿರುವಾಗ ಮನುಷ್ಯನಿಗೆ ಶತ್ರು ಮಿತ್ರರಿರುವುದು ಸಹಜ. ಕಾಲವಾದ ಮೇಲೆ ದ್ವೇಷವು ತಣ್ಣಗಾಗಿ, ಗುಣವೊಂದೇ ನೆನಪಿನಲ್ಲಿ ಉಳಿಯುವುದೂ ಲೋಕದ ರೂಢಿಯೇ. ಆದರೆ ತೀರಿಕೊಂಡು ನಾಲ್ಕು ದಶಕಗಳು ಕಳೆದ ಮೇಲೂ ಒಬ್ಬರ ಹೆಸರನ್ನು ಕೇಳಿದೊಡನೆ ಕೆಲವರು ಕೈಮುಗಿಯುವರು, ಕೆಲವರು ಮುಖ ತಿರುಗಿಸುವರು ಎಂದರೆ, ಆ ಹೆಸರಿನೊಡನೆ ನಾಡಿನ ಲೆಕ್ಕ ಇನ್ನೂ ತೀರಿಲ್ಲವೆಂದೇ ತಿಳಿಯಬೇಕು. ಡಿ. ದೇವರಾಜ ಅರಸರ ಹೆಸರು ಅಂಥದು. ಪ್ರತಿವರ್ಷ ಆಗಸ್ಟ್ 20ರಂದು ಅವರ ಜನ್ಮದಿನಕ್ಕೆ ಸರ್ಕಾರವು ಮಾಲೆ ಹಾಕುತ್ತದೆ, ಭಾಷಣಗಳಾಗುತ್ತವೆ. ಅದೇ ದಿನ ನಮ್ಮ ಸಮಾಜದ ಎಷ್ಟೋ ಹಿರಿಯರ ಮನೆಯ ಪಡಸಾಲೆಯಲ್ಲಿ ಆ ಹೆಸರು ಬೇರೊಂದು ಧ್ವನಿಯಲ್ಲಿ ಕೇಳಿಬರುತ್ತದೆ.

ರಾಜಕಾರಣಿಯೊಬ್ಬರ ವಿಚಾರ ಮಠದ ಪತ್ರಿಕೆಗೇಕೆ ಎಂದು ತಾವು ಕೇಳಬಹುದು. ಮಠಮಾನ್ಯಗಳ ಹೊಲಗದ್ದೆಗಳ ಮೇಲೂ, ಸಮಾಜದ ಮಕ್ಕಳ ವಿದ್ಯೆ ಉದ್ಯೋಗಗಳ ಮೇಲೂ ಅರಸರ ಆಳ್ವಿಕೆಯ ಗುರುತು ಬಿದ್ದಿದೆ. ಆದ್ದರಿಂದ ಅವರ ವಿಮರ್ಶೆಯಲ್ಲಿ ನಾವು ಕೇವಲ ನೋಡುಗರಲ್ಲ, ಕಕ್ಷಿದಾರರು. ಕಕ್ಷಿದಾರನು ತೀರ್ಪು ಹೇಳುವ ಮುನ್ನ ತನ್ನ ಪಾಲೇನೆಂಬುದನ್ನು ಒಪ್ಪಿಕೊಳ್ಳಬೇಕು. ಈ ಬರಹದ ಉದ್ದೇಶ ಅಷ್ಟೇ.

1982ರ ಜೂನ್ 6ರಂದು ಅರಸರು ತೀರಿಕೊಂಡಾಗ ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ಹನ್ನೆರಡರ ವಯಸ್ಸಿನ ವಟು. ಸುದ್ದಿ ಬಂದಾಗ ಜಗಲಿಯ ಮೇಲೆ ಕುಳಿತಿದ್ದ ಮಠದ ಪಾರುಪತ್ಯಗಾರರು, ಮಠದ ಅನ್ನಕ್ಕೆ ಕೈಹಾಕಿದವರು ಹೋದರು ಎಂದರು. ಅಡಿಗೆಮನೆಗೆ ಸೌದೆ ಹೊತ್ತು ತಂದಿದ್ದ ಮುದುಕನೊಬ್ಬನು ಹೊರೆಯನ್ನು ಇಳಿಸಿ, ಏನೂ ಮಾತಾಡದೆ, ತಲೆಯ ವಸ್ತ್ರವನ್ನು ಬಿಚ್ಚಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತನು. ಇಬ್ಬರೂ ಸುಳ್ಳರಲ್ಲ, ಇಬ್ಬರೂ ಮಠದ ಭಕ್ತರೇ. ಒಂದೇ ಸಾವಿಗೆ ಎರಡು ಮನಸ್ಸುಗಳೇಕೆ ಎಂಬ ಪ್ರಶ್ನೆಗೆ ಅಂದು ನಮಗೆ ಉತ್ತರ ತೋಚಲಿಲ್ಲ. ಅದು ದೊರೆತದ್ದು ಮುಂದೆ ಮಠದ ಹಳೆಯ ಕಿರ್ದಿ ಪುಸ್ತಕಗಳನ್ನು ಓದಿದಾಗ.

ಅದಕ್ಕೆ ಮೊದಲು ಅರಸರ ಹಿನ್ನೆಲೆಯನ್ನು ಸ್ವಲ್ಪ ನೆನೆಯೋಣ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಅವರು ಸಂಖ್ಯೆಯಲ್ಲಿ ತೀರ ಸಣ್ಣದಾದ ಅರಸು ಸಮುದಾಯಕ್ಕೆ ಸೇರಿದವರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ, 1952ರಲ್ಲಿ ವಿಧಾನಸಭೆಗೆ ಆಯ್ಕೆಯಾದರು. 1956ರ ಏಕೀಕರಣದಿಂದ ಮೊದಲ್ಗೊಂಡು 1971ರವರೆಗೆ ಮುಖ್ಯಮಂತ್ರಿಗಳಾದ ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ ಈ ನಾಲ್ವರೂ ನಮ್ಮ ಸಮಾಜದವರು. 1969ರಲ್ಲಿ ಕಾಂಗ್ರೆಸ್ಸು ಒಡೆದಾಗ ನಿಜಲಿಂಗಪ್ಪನವರು ಒಂದು ಕಡೆ, ಇಂದಿರಾ ಗಾಂಧಿಯವರು ಮತ್ತೊಂದು ಕಡೆ ನಿಂತರು. ರಾಜ್ಯದಲ್ಲಿ ಇಂದಿರಾ ಅವರ ಪಕ್ಷವನ್ನು ಕಟ್ಟುವ ಹೊಣೆ ಅರಸರದಾಯಿತು. 1972ರ ಮಾರ್ಚಿಯಲ್ಲಿ ಅವರು ಮುಖ್ಯಮಂತ್ರಿಯಾದರು. ಹೀಗೆ ಅವರ ಅಧಿಕಾರವು ನಮ್ಮವರ ಅಧಿಕಾರದ ಮುಕ್ತಾಯದಿಂದಲೇ ಆರಂಭವಾಯಿತು. ನಮ್ಮ ಮನಸ್ಸಿನ ಕಹಿಗೆ ಇದೂ ಒಂದು ಮೂಲವೆಂಬುದನ್ನು ಮರೆಮಾಚುವುದು ತರವಲ್ಲ.

ಇನ್ನು ಭೂಮಿಯ ವಿಷಯ. 1974ರ ಮಾರ್ಚಿ 1ರಂದು ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಗೇಣಿಯ ಮೇಲಿದ್ದ ಜಮೀನು ಸರ್ಕಾರಕ್ಕೆ ಸೇರಿತು. ಉಳುವವನು ಫಾರಂ ನಂಬರ್ 7ನ್ನು ತುಂಬಿಕೊಟ್ಟು ಅಧಿಭೋಗದ ಹಕ್ಕನ್ನು ಬೇಡಬಹುದಾಯಿತು. ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಕುಳಿತವು. ಅವುಗಳ ಮುಂದೆ ಆರಂಭದಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಒಡೆಯನೂ ಒಕ್ಕಲೂ ತಮ್ಮ ಬಾಯಿಂದಲೇ ಹೇಳಿಕೊಳ್ಳಬೇಕು. ಬಂದ ಅರ್ಜಿಗಳು ಸುಮಾರು 8 ಲಕ್ಷ. ಒಡೆಯನೆದುರು ತಲೆಯೆತ್ತಿ ನಿಲ್ಲದಿದ್ದ ಮನುಷ್ಯನು ಅವನೆದುರೇ ಮೇಜಿನ ಮುಂದೆ ನಿಂತು, ಈ ಹೊಲವನ್ನು ಉತ್ತವನು ನಾನು ಎಂದು ಹೇಳಿದ್ದು ನಾಡಿನ ಚರಿತ್ರೆಯಲ್ಲಿ ಸಣ್ಣ ಮಾತಲ್ಲ.

ಕಿರ್ದಿ ಪುಸ್ತಕದ ಮಾತಿಗೆ ಬರೋಣ. ಮಠದ ಒಂದು ಗದ್ದೆಯನ್ನು ಒಂದೇ ಮನೆತನವು ಮೂರು ತಲೆಮಾರು ಉತ್ತಿತ್ತು. ವರ್ಷಕ್ಕೆ 12 ಖಂಡುಗ ಭತ್ತ ಗೇಣಿ. ಒಂದು ಬರಗಾಲದ ವರ್ಷ ಅರ್ಧವೂ ಸಂದಿಲ್ಲ. ಆ ಬಾಕಿಯನ್ನು ಮುಂದಿನ ಪುಟಕ್ಕೆ, ಅಲ್ಲಿಂದ ಮುಂದಿನ ಪುಟಕ್ಕೆ, ಹೀಗೆ ಒಂಬತ್ತು ವರ್ಷ ಸುಂದರವಾದ ಅಕ್ಷರದಲ್ಲಿ ಎಳೆಯಲಾಗಿದೆ. ಬರೆದವರು ಕ್ರೂರಿಗಳಲ್ಲ, ಶಿವಪೂಜೆಯಿಲ್ಲದೆ ನೀರು ಮುಟ್ಟದವರು. ಆ ಪುಸ್ತಕದಲ್ಲಿ ಮಠಕ್ಕೆ ಬರಬೇಕಾದುದರ ಲೆಕ್ಕವಿತ್ತು; ಒಕ್ಕಲಿನ ಮನೆಯಲ್ಲಿ ಎಷ್ಟು ಉಳಿಯಿತೆಂಬುದಕ್ಕೆ ಅಂಕಣವೇ ಇರಲಿಲ್ಲ. 1975ರಲ್ಲಿ ನ್ಯಾಯಮಂಡಳಿಯ ಆದೇಶವನ್ನು ಗುರುತು ಹಾಕಿ ಆ ಲೆಕ್ಕವನ್ನು ಮುಗಿಸಲಾಗಿದೆ. ಸೌದೆ ಹೊರೆಯಿಳಿಸಿ ನಿಂತ ಮುದುಕನು ಆ ಮನೆಯವನೇ ಎಂದು ಅಂದು ತಿಳಿಯಿತು.

ಕಾಯಕವೇ ಮೊದಲು, ಅದರಿಂದ ಬಂದುದು ದಾಸೋಹಕ್ಕೆ ಎಂಬುದು ಶರಣರ ದಾರಿ. ಬೆವರು ಸುರಿಸಿದವನು ಭಯದಿಂದ ಅಳೆದುಕೊಟ್ಟ ಭತ್ತವೂ ಪ್ರೀತಿಯಿಂದ ತಂದ ಭತ್ತವೂ ಅನ್ನವಾಗಿ ಒಂದೇ. ದಾಸೋಹವಾಗಿ ಒಂದೇ ಅಲ್ಲ. ಗದ್ದೆ ಹೋದ ಮೇಲೆ ಪ್ರಸಾದನಿಲಯದ ಒಲೆ ಆರುವುದೆಂದು ಹಿರಿಯರು ಅಂಜಿದರು. ಕೆಲವು ವರ್ಷ ಕಷ್ಟವೂ ಆಯಿತು. ಆದರೆ ಒಲೆ ಆರಲಿಲ್ಲ. ಅದೇ ಗದ್ದೆಯ ಭತ್ತ ಈಗಲೂ ಸುಗ್ಗಿಯಲ್ಲಿ ಮಠಕ್ಕೆ ಬರುತ್ತದೆ. ಮೊತ್ತ ಕಡಿಮೆ, ಅಳೆಯುವವರು ಯಾರೂ ಇಲ್ಲ. ಭೂಸುಧಾರಣೆಯನ್ನು ಮಠಗಳು ವಿರೋಧಿಸಿದ್ದು ಧರ್ಮರಕ್ಷಣೆಗಾಗಿ ಅಲ್ಲ, ಆಸ್ತಿರಕ್ಷಣೆಗಾಗಿ ಎಂಬುದನ್ನು ಈ ಪೀಠದಿಂದಲೇ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಹಾಗೆಂದು ಎಲ್ಲ ಕೀರ್ತಿಯನ್ನೂ ಅರಸರ ಕೊರಳಿಗೇ ಕಟ್ಟುವುದು ಚರಿತ್ರೆಯಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿ ಸೆರೆಮನೆ ಕಂಡಿದ್ದರು. ನಮ್ಮವರೇ ಆದ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯ ಸಮಿತಿಯ ಬೆನ್ನಿಗೆ 1961ರ ಕಾಯಿದೆ ಬಂದಿತ್ತು. ಅದು ಜಾರಿಗೆ ಬಂದುದು 1965ರಲ್ಲಿ, ಅದರಲ್ಲಿ ಸಂದುಗಳೂ ಬಹಳ. ಅರಸರು ಆ ಸಂದುಗಳನ್ನು ಮುಚ್ಚಿದರು. ಅವರ ಕಾನೂನಿನ ಫಲವೂ ಎಲ್ಲ ಕಡೆಗೆ ಸಮನಾಗಿ ಹರಿಯಲಿಲ್ಲ. ಗೇಣಿ ಪದ್ಧತಿ ಬಲವಾಗಿದ್ದ ಕರಾವಳಿ ಮಲೆನಾಡುಗಳಲ್ಲಿ ಅದು ಬಾಳನ್ನೇ ಬದಲಿಸಿತು. ಬಯಲುಸೀಮೆಯ ಒಣಹೊಲಗಳಲ್ಲಿ ಅಷ್ಟು ಮುಟ್ಟಲಿಲ್ಲ. ಗೇಣಿಯ ಹಕ್ಕೂ ಇಲ್ಲದೆ ಕೂಲಿಯಿಂದ ಬದುಕುತ್ತಿದ್ದ ದಲಿತರಲ್ಲಿ ಬಹುಪಾಲು ಜನರಿಗೆ ಫಾರಂ ತುಂಬುವ ಅರ್ಹತೆಯೇ ಇರಲಿಲ್ಲ. ಎರಡು ಮೂರು ಎಕರೆಯನ್ನು ಗೇಣಿಗೆ ಕೊಟ್ಟು ಅದರಿಂದಲೇ ದಿನ ದೂಡುತ್ತಿದ್ದ ವಿಧವೆಯರೂ ದೊಡ್ಡ ಜಮೀನುದಾರರೊಡನೆ ಒಂದೇ ಏಟಿಗೆ ಸಿಕ್ಕಿದರು. ಇವರ ಅಳಲನ್ನು ಪ್ರಗತಿಯ ಹೆಸರಿನಲ್ಲಿ ಮುಚ್ಚುವುದೂ ನ್ಯಾಯವಲ್ಲ.

ಎರಡನೆಯದು ಹಾವನೂರು ವರದಿ. ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ 1972ರಲ್ಲಿ ನೇಮಕವಾದ ಹಿಂದುಳಿದ ವರ್ಗಗಳ ಆಯೋಗವು 1975ರಲ್ಲಿ ವರದಿ ಕೊಟ್ಟಿತು. 1977ರಲ್ಲಿ ಅದರ ಆಧಾರದ ಮೇಲೆ ಸರ್ಕಾರಿ ಆದೇಶವಾಯಿತು. ಲಿಂಗಾಯತರು ಹಿಂದುಳಿದವರ ಪಟ್ಟಿಯಿಂದ ಹೊರಗುಳಿದರು. ಸಮಾಜದಲ್ಲಿ ಎದ್ದ ಆಕ್ರೋಶವನ್ನು ಹಿರಿಯ ವಾಚಕರು ಬಲ್ಲರು. ಆಯೋಗವು ಎಸ್.ಎಸ್.ಎಲ್.ಸಿ. ತೇರ್ಗಡೆಯಾದವರ ಪ್ರಮಾಣವನ್ನು ಒಂದು ಅಳತೆಗೋಲಾಗಿ ಇಟ್ಟುಕೊಂಡಿತ್ತು. ಆ ಅಳತೆಯಲ್ಲಿ ನಮ್ಮ ಸಮಾಜ ಮುಂದೆ ಕಂಡಿತೆಂದರೆ ಅದಕ್ಕೆ ಕಾರಣರಾರು? ಸಿದ್ಧಗಂಗೆ, ಸುತ್ತೂರು, ಧಾರವಾಡದ ಮುರುಘಾಮಠ ಮೊದಲಾದೆಡೆ ಕಂತೆ ಭಿಕ್ಷೆಯಿಂದ ಪ್ರಸಾದನಿಲಯಗಳನ್ನು ನಡೆಸಿದ ಪೂಜ್ಯರು. ಅವರ ತಪಸ್ಸು ಫಲಿಸಿತೆಂಬುದಕ್ಕೆ ನಾವು ಹೆಮ್ಮೆ ಪಡಬೇಕೋ, ಫಲಿಸಿತೆಂದು ಸರ್ಕಾರ ಹೇಳಿತೆಂದು ಸಿಟ್ಟಾಗಬೇಕೋ?

ಆದರೂ ನಮ್ಮವರ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ಲಿಂಗಾಯತವೆಂಬ ಒಂದೇ ಹೆಸರಿನ ಕೆಳಗೆ ನೂರಾರು ಎಕರೆಯ ದೇಸಾಯಿಯೂ ಇದ್ದಾನೆ, ಗಾಣ ತಿರುಗಿಸುವವನೂ ಮಡಿ ಒಗೆಯುವವನೂ ಇದ್ದಾರೆ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿಟ್ಟರೆ ದೇಸಾಯಿಯ ತೂಕದಿಂದ ಗಾಣಿಗನೂ ಭಾರವಾಗಿ ಕಾಣುವನು. ಜಾತಿಯನ್ನು ನೋಡದೆ ಬಡತನವನ್ನು ನೋಡುವ ವಿಶೇಷ ಗುಂಪೊಂದು ಆ ಆದೇಶದಲ್ಲಿ ಇತ್ತಾದರೂ ಅದು ಸಣ್ಣ ಬಾಗಿಲು. ಆದರೆ ಅಂದು ಬೀದಿಗಿಳಿದ ನಮ್ಮ ಮುಖಂಡರು ಆ ಗಾಣಿಗನ ಪರವಾಗಿ ಎಷ್ಟು ಮಾತಾಡಿದರು? ಒಳಗಿನ ಅಂತರವನ್ನು ಒಪ್ಪಿಕೊಂಡರೆ ಒಗ್ಗಟ್ಟು ಒಡೆಯುವುದೆಂದು ಸುಮ್ಮನಿದ್ದರು. ಅರಸರ ತಪ್ಪಿಗೆ ನಮ್ಮ ಮೌನವೂ ಹೆಗಲು ಕೊಟ್ಟಿತು.

ಇಷ್ಟು ಹೇಳಿದ ಮೇಲೆ ಅರಸರ ಅಭಿಮಾನಿಗಳನ್ನೂ ಪ್ರಶ್ನಿಸಬೇಕು. 1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ ರಾಜ್ಯದ ಚುಕ್ಕಾಣಿ ಹಿಡಿದವರು ಅವರೇ. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಇಡಲಾಯಿತು. ಕಲಾವಿದೆ ಸ್ನೇಹಲತಾ ರೆಡ್ಡಿಯವರು ಅದೇ ಸೆರೆಮನೆಯಲ್ಲಿ ಉಬ್ಬಸದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ಅಸುನೀಗಿದರು. ಬೇರೆ ರಾಜ್ಯಗಳಿಗಿಂತ ಇಲ್ಲಿ ಹಿಂಸೆ ಕಡಿಮೆಯೆಂಬ ಸಮಾಧಾನವು ಆ ತಾಯಿಯ ಮುಂದೆ ನಿಲ್ಲದು. ಭ್ರಷ್ಟಾಚಾರದ ಆರೋಪಗಳ ವಿಚಾರಣೆಗೆ ಕೇಂದ್ರದ ಜನತಾ ಸರ್ಕಾರವು 1977ರಲ್ಲಿ ನ್ಯಾಯಮೂರ್ತಿ ಗ್ರೋವರ್ ಆಯೋಗವನ್ನು ನೇಮಿಸಿತು. ಅದರ ಹಿಂದೆ ರಾಜಕೀಯ ದ್ವೇಷವಿತ್ತೆಂದು ಹೇಳಬಹುದು. ಆದರೆ ಆಯೋಗವು ಕೆಲವು ಆರೋಪಗಳನ್ನು ಎತ್ತಿಹಿಡಿಯಿತೆಂಬುದನ್ನು ಅಳಿಸಲಾಗದು. ಬಲಾಢ್ಯರನ್ನು ಎದುರಿಸಿ ಬಡವರನ್ನು ಗದ್ದುಗೆಗೇರಿಸಲು ಹಣ ಬೇಕಾಗುತ್ತದೆ, ಹಣ ಎಲ್ಲಿಂದಲೋ ಬರಲೇಬೇಕಾಗುತ್ತದೆ ಎಂದು ಕೆಲವು ವಿದ್ವಾಂಸರೇ ಸಮರ್ಥಿಸುವುದುಂಟು. ಈ ತರ್ಕವನ್ನು ಒಪ್ಪಿದರೆ ಮುಂದೆ ಬರುವ ಪ್ರತಿಯೊಬ್ಬ ಲಂಚಗಾರನೂ ಬಡವರ ಹೆಸರನ್ನೇ ಹೇಳುವನು. ಹೇಳುತ್ತಲೂ ಇದ್ದಾನೆ.

ಇಲ್ಲಿಯೇ ನಮ್ಮ ಮುಖ್ಯ ಮಾತಿದೆ. ಅರಸರನ್ನು ಹೊಗಳುವವರೂ ತೆಗಳುವವರೂ ಒಂದೇ ತಪ್ಪನ್ನು ಮಾಡುತ್ತಾರೆ. ಪುಣ್ಯದಲ್ಲಿ ಪಾಪವನ್ನು ಕಳೆದು ಉಳಿದ ಮೊತ್ತವನ್ನು ಮನುಷ್ಯನ ಬೆಲೆಯೆನ್ನುತ್ತಾರೆ. ಧರ್ಮದಲ್ಲಿ ಇಂಥ ಕಳೆಯುವ ಲೆಕ್ಕವಿಲ್ಲ. ಭೂಮಿ ಪಡೆದ ಒಕ್ಕಲಿನ ನಗುವಿನಿಂದ ಸೆರೆಮನೆಯ ನರಳಾಟಕ್ಕೆ ಪರಿಹಾರವಾಗದು. ಸೆರೆಮನೆಯ ನರಳಾಟದಿಂದ ಆ ಒಕ್ಕಲಿನ ಹಕ್ಕೂ ಸುಳ್ಳಾಗದು. ಒಂದೊಂದು ಕ್ರಿಯೆಯನ್ನೂ ಅದರದರ ತೂಕದಲ್ಲಿ ತೂಗಬೇಕು. ತೂಗುವ ಮೊದಲು ನಮಗಾದ ಲಾಭನಷ್ಟಗಳನ್ನು ತಟ್ಟೆಯಿಂದ ಕೆಳಗಿಳಿಸಬೇಕು.

ಅರಸರ ಕೊನೆಗಾಲವೂ ಯೋಚಿಸತಕ್ಕದ್ದು. ಆರೋಪಗಳ ನಡುವೆಯೂ 1978ರಲ್ಲಿ ಜನರು ಅವರನ್ನು ಮತ್ತೆ ಗೆಲ್ಲಿಸಿದರು. 1979ರಲ್ಲಿ ಇಂದಿರಾ ಗಾಂಧಿಯವರಿಂದ ಬೇರೆಯಾದರು. 1980ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಅವರ ಪಕ್ಷಕ್ಕೆ ಹೋದವು. ಅವರು ಬೆಳೆಸಿದ ಶಾಸಕರಲ್ಲಿ ಬಹುಮಂದಿ ಗೆದ್ದ ಕಡೆಗೆ ನಡೆದರು. ಕ್ರಾಂತಿರಂಗವೆಂಬ ಹೊಸ ಪಕ್ಷವನ್ನು ಕಟ್ಟುತ್ತಿರುವಾಗಲೇ ಅರಸರು ಕಣ್ಮುಚ್ಚಿದರು. ಬದುಕಿದ್ದಾಗ ಬಿಟ್ಟುಹೋದವರೇ ಸತ್ತ ಮೇಲೆ ವಾರಸುದಾರರಾದರು. ಇಂದು ಪ್ರತಿಯೊಂದು ಪಕ್ಷವೂ ಅವರ ಪ್ರತಿಮೆಗೆ ಮಾಲೆ ಹಾಕುತ್ತದೆ. ಕೃಷಿಕರಲ್ಲದವರು ಸಾಗುವಳಿ ಭೂಮಿಯನ್ನು ಕೊಳ್ಳದಂತೆ ಅವರ ಕಾಲದಲ್ಲಿ ಸೇರಿಸಿದ್ದ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಮಾಲೆ ಮಾತ್ರ ತಪ್ಪಲಿಲ್ಲ. ಪ್ರತಿಮೆಗೆ ಮಾಲೆ ಹಾಕುವುದು ಸುಲಭ, ಕಲಮನ್ನು ಕಾಯುವುದು ಕಷ್ಟ.

ಈ ಪತ್ರಿಕೆಯ ಹಳೆಯ ಸಂಪುಟಗಳಲ್ಲಿ 1982ನೆಯ ಇಸವಿಯದನ್ನು ತೆಗೆದು ನೋಡಿದೆವು. ಅರಸರ ನಿಧನಕ್ಕೆ ನಾಲ್ಕು ಸಾಲಿನ ಸಂತಾಪವಿದೆ. ಭೂಮಿಯ ಮಾತೇ ಇಲ್ಲ. ಬರೆದ ಹಿರಿಯರನ್ನು ನಾವು ದೂರುವುದಿಲ್ಲ, ಗಾಯ ಹಸಿಯಾಗಿತ್ತು. ಇಂದು ಗಾಯ ಮಾಗಿದೆ. ಆ ನಾಲ್ಕು ಸಾಲಿಗೆ ನಾವು ಐದನೆಯದನ್ನು ಸೇರಿಸುತ್ತೇವೆ : ಅವರು ನಮ್ಮಿಂದ ಕೊಂಡುದು ನಮ್ಮದಾಗಿರಲಿಲ್ಲ, ಅವರು ಮಾಡಿದ ತಪ್ಪು ಅದರಿಂದ ತಪ್ಪಲ್ಲವಾಗಲಿಲ್ಲ.

ಮಠದ ಹಳೆಯ ವಿದ್ಯಾರ್ಥಿಗಳಾದ ತಾವು ನಾಡಿನ ನಾನಾ ಹುದ್ದೆಗಳಲ್ಲಿದ್ದೀರಿ. ತಮ್ಮ ಮನೆಯಲ್ಲೂ ಅಂಥ ಹಳೆಯ ಕಿರ್ದಿ ಪುಸ್ತಕವೊಂದು ಅಟ್ಟದ ಮೇಲಿರಬಹುದು. ಒಮ್ಮೆ ಕೆಳಗಿಳಿಸಿ ಓದಿರಿ. ಅದರಲ್ಲಿ ಯಾವ ಅಂಕಣವಿಲ್ಲವೆಂಬುದನ್ನು ನೋಡಿರಿ. ಆ ಬಳಿಕ ಅರಸರ ವಿಷಯದಲ್ಲಿ ತಾವು ಹೇಳುವ ಮಾತು ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಅದು ಕೇಳತಕ್ಕ ಮಾತಾಗುವುದು.